ತೊಳೆದ ಪೆಟ್ರೋಲು

"ಎಥೆನಾಲ್ ಕಣೇ! ನೂರಕ್ಕೆ ನೂರು ಅದರದ್ದೇ ಕಾಟ!"

"ಸುಮ್ನಿರಿ ಸ್ವಲ್ಪ. ಎಂಜಿನ್ ಏನೋ ಹೇಳ್ತಿದೆ, ಕೇಳಿಸ್ಕೋತೀನಿ."

ರೇಸ್ ಟ್ರ್ಯಾಕಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಂಡ ಹೆಂಡತಿ ಬೈಕನ್ನು ನಡುವೆ ನಿಲ್ಲಿಸಿಕೊಂಡು ವಾದಕ್ಕೆ ಬಿದ್ದಿದ್ದರು. ಗಂಡ ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಜನಕ್ಕೆ ನಿಧಾನವಾಗಿ ಹೋಗುವುದನ್ನು ಕಲಿಸಿ, ಭಾನುವಾರ ಆ ಪಾಪವನ್ನು ಇಲ್ಲಿ ರೇಸ್ ಓಡಿಸಿ ತೊಳೆದುಕೊಳ್ಳುವವನು. ಹೆಂಡತಿ ಮೆಕ್ಯಾನಿಕ್. ಎಥೆನಾಲ್ ಬೆರೆಸಿದ ಪೆಟ್ರೋಲಿಗೆಂದೇ ಮೂರು ತಿಂಗಳು ಕೂತು ಅವಳು ಕಟ್ಟಿದ ಮೊದಲ ರೇಸ್ ಎಂಜಿನ್ ಇದು. ಇವತ್ತು ಓಡಿದರೆ ಅವಳ ಗ್ಯಾರೇಜಿಗೆ ನಾಲ್ಕು ಎಂಜಿನ್ ಬರುತ್ತವೆ. ಕೆಟ್ಟರೆ ಪಂಕ್ಚರ್ ಹಾಕಿಕೊಂಡಿರಬೇಕು. ಬೆಳಗಿನ ಸುತ್ತಿನಲ್ಲಿ ಅದು ಟಕಟಕ ಎಂದು ಬಡಿದುಕೊಂಡು ಕೊನೆಗೆ ಬಂದಿತ್ತು. ಫೈನಲ್ ನಾಲ್ಕು ಗಂಟೆಗೆ.

ಹೆಂಡತಿ ಗೆರೆ ಹಾಕಿದ ಗಾಜಿನ ಕೊಳವೆಗೆ ಟ್ಯಾಂಕಿನ ಪೆಟ್ರೋಲು ಬಿಟ್ಟು, ನೀರು ಸೇರಿಸಿ, ಕುಲುಕಿ, ಬೆಳಕಿಗೆ ಹಿಡಿದಳು.

ಹೆಂಡತಿ: ಏನ್ರೀ ಇದು? ಎಥೆನಾಲ್ ಇದ್ದಿದ್ರೆ ನೀರಿಗೆ ಸೇರ್ಕೊಂಡು ತಳದ ನೀರಿನ ಮಟ್ಟ ಮೇಲೇರಬೇಕಿತ್ತು. ಕೂದಲೆಳೆಯಷ್ಟೂ ಅಲ್ಲಾಡಿಲ್ಲ.

ಗಂಡ: ಎಲ್ಲಿಂದ ಏರುತ್ತೆ? ಎರಡು ಸಲ ತೊಳೆದಿದೀನಿ!

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಎರಡು ಸಲ ಎನ್ನುವಾಗ ಎದೆ ಉಬ್ಬಿದ್ದನ್ನು ಅವಳು ನೋಡಿಯಾಗಿತ್ತು.

ಹೆಂಡತಿ: ಏನನ್ನ ತೊಳೆದಿರಿ?

ಗಂಡ: ಪೆಟ್ರೋಲನ್ನ. ನೀರು ಹಾಕಿ ಕುಲುಕಿ ಇಟ್ರೆ ಎಥೆನಾಲೆಲ್ಲ ನೀರಿನ ಜೊತೆ ತಳಕ್ಕಿಳಿಯುತ್ತೆ. ಮೇಲೆ ಉಳಿಯೋದು ಅಪ್ಪಟ ಪೆಟ್ರೋಲು. ಎಲ್ಲೋ ಒಂದು ಹನಿ ಉಳ್ಕೊಂಡು ಹಿಂಗೆ ಕಾಟ ಕೊಟ್ಟಿದೆ.

ಹೆಂಡತಿ: ಮನೇಲಿ ಒಂದು ದಿನ ಕುಡಿದ ಲೋಟ ತೊಳೆದವರಲ್ಲ, ಪೆಟ್ರೋಲ್ ತೊಳೆದ್ರಾ!

ಗಂಡ: ನಿನಗೋಸ್ಕರಾನೇ ಕಣೇ. ಎಥೆನಾಲ್ ರಬ್ಬರ್ ತಿನ್ನುತ್ತೆ ಅಂತಾರೆ. ನಿನ್ನ ಮೂರು ತಿಂಗಳ ಕಷ್ಟ ಹಾಳಾಗಬಾರದು ಅಂತ...

ಅದು ಸುಳ್ಳಲ್ಲ. ರಾತ್ರಿ ಊಟ ಬಿಟ್ಟು ಅವಳು ಆ ಎಂಜಿನ್ ಮುಂದೆ ಕೂತಿದ್ದನ್ನು ಕಂಡು ಅವನಿಗೆ ಅಯ್ಯೋ ಅನಿಸಿತ್ತು. ಆ ಪ್ರೀತಿ ಕ್ಯಾನಿನೊಳಗೆ ಕೈ ಹಾಕದಿದ್ದರೆ ಚೆನ್ನಾಗಿತ್ತು.

ಹೆಂಡತಿ: ಅದು ತಿನ್ನೋ ರಬ್ಬರನ್ನೆಲ್ಲ ಆಗಲೇ ಬದಲಾಯಿಸಿದೀನಿ. ಈ ಎಂಜಿನ್‌ನಲ್ಲಿ ಉಳಿದ ರೇಸ್ ಬೈಕುಗಳಿಗಿಂತಲೂ ಒತ್ತಡ ಜಾಸ್ತಿ ಇಟ್ಟಿದೀನಿ. ಅಷ್ಟು ಒತ್ತಡದಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡೀದಂತೆ ತಡೆಯೋದೇ ಎಥೆನಾಲ್. ನೀವು ಕಾವಲುಗಾರನನ್ನೇ ಓಡಿಸಿ ಕಳ್ಳ ಬಂದ ಅಂತಿದೀರ.

ಗಂಡ: ಮೊದಲೇ ಹೇಳಬಾರದಿತ್ತಾ?

ಹೆಂಡತಿ: ಹೇಳಿದೆ. ಹೂಂ ಹೂಂ ಅಂದ್ರಿ.

ಗಂಡ: ನೀನು ಹೇಳೋದಕ್ಕೆಲ್ಲ ಹೂಂ ಅಂತೀನಲ್ಲೇ!

ಅವಳು ಟ್ಯಾಂಕ್ ಖಾಲಿ ಮಾಡಿ, ಅವನ ಕೈ ಸೋಕದ ಕ್ಯಾನಿನಿಂದ ತುಂಬಿಸತೊಡಗಿದಳು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

ಗಂಡ: ಇನ್ನೊಂದು ಸಣ್ಣ ವಿಷಯ. ಊಟಕ್ಕೆ ಕೂತಾಗ ಉಳಿದ ರೇಸಿನವರಿಗೂ ಹೇಳಿಬಿಟ್ಟೆ. ತೊಳೀರಿ ಅಂತ.

ಹೆಂಡತಿ: ಕೊನೆಗೆ ಬಂದವರ ಮಾತು ಯಾರು ಕೇಳ್ತಾರೆ?

ಗಂಡ: ತೊಳೆದಿದ್ದಕ್ಕೆ ಇಷ್ಟಾದ್ರೂ ಓಡ್ತು, ತೊಳೀದಿದ್ರೆ ಅಲ್ಲೇ ನಿಂತುಬಿಡ್ತಿತ್ತು ಅಂದೆ. ತಲೆದೂಗಿದ್ರು.

ಅವಳು ಬಾಗಿಲಿಗೆ ಹೋಗಿ ಇಣುಕಿದಳು. ನಲ್ಲಿಯ ಮುಂದೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡ ಏಳು ಗಂಡಸರು ಕ್ಯಾನು ಹಿಡಿದು ಸಾಲು ನಿಂತಿದ್ದರು. ಮುಂದಿದ್ದ ಮೀಸೆಯವನು ಕಣ್ಣು ಮುಚ್ಚಿ, ಸೊಂಟ ತಿರುಗಿಸಿ ಕುಲುಕುತ್ತಿದ್ದ.

ಗಂಡ: ನಮಗೇ ಒಳ್ಳೇದಾಯ್ತು ಬಿಡು. ಬಾಯಿಗೆ ಬೀಗ ಹಾಕ್ಕೊಂಡು ಗೆದ್ದುಬಿಡೋಣ.

ಹೆಂಡತಿ: ಏಳು ಎಂಜಿನ್ ಕೆಮ್ಮುವಾಗ ಎಂಟನೇದು ಗೆದ್ರೆ ಯಾರು ಮೆಕ್ಯಾನಿಕ್ ಅಂತಾರೆ ನನ್ನ? ಹೋಗಿ ನಿಜ ಹೇಳಿ ಬನ್ನಿ.

ಅವನು ಕಾಲೆಳೆಯುತ್ತಾ ಹೋದ. ಹತ್ತು ನಿಮಿಷಕ್ಕೆ ಬಂದಾಗ ಮುಖ ಸಣ್ಣಗಾಗಿತ್ತು.

ಗಂಡ: ಒಬ್ಬನೂ ನಂಬಲಿಲ್ಲ. ಗೆಲ್ಲೋಕೋಸ್ಕರ ನಮ್ಮ ಕಿವಿಗೆ ಹೂವಿಡ್ತೀಯಾ ಅಂದ್ರು. ಮೀಸೆಯವನು ಮೂರನೇ ಸಲ ತೊಳೀತಿದಾನೆ.

ಹೆಂಡತಿ: ಎಂಜಿನ್ ಕಟ್ಟಿದವಳೇ ಹೇಳಿ ಕಳಿಸಿದ್ದು ಅಂದ್ರಾ?

ಗಂಡ: ಅಂದೆ. ಹೆಂಗಸಿಗೇನು ಗೊತ್ತು ಅಂತ ನಕ್ರು.

ಅವಳು ಟ್ಯಾಂಕಿನ ಮುಚ್ಚಳ ತಿರುಗಿಸಿ ಮುಚ್ಚಿದಳು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ತಿರುಗಿಸಿದಳು. ಟಕಟಕ ಇಲ್ಲ. ಶೆಡ್ಡಿನ ತಗಡು ನಡುಗುವಂಥ ಒಂದೇ ಉಸಿರಿನ ಗುಡುಗು. ಅವಳ ಕಣ್ಣು ಒದ್ದೆಯಾಯಿತು. ಅದನ್ನು ತೋಳಿನಿಂದ ಒರೆಸಿ, ಅವನ ಹೆಲ್ಮೆಟ್ಟಿನ ಪಟ್ಟಿ ಬಿಗಿದಳು.

ಗಂಡ: ತಲೆಬುಡವಿಲ್ಲದ್ದು ಹೇಳಿದಾಗ ಬಾಯಿ ಬಿಟ್ಕೊಂಡು ಕೇಳಿದ್ರು, ನಿಜ ಹೇಳಿದ್ರೆ ನಗ್ತಾರೆ. ಹಿಂಗೂ ಇರ್ತಾರೇನೇ ಜನ?

ಹೆಂಡತಿ: ಇರ್ತಾರೆ ರೀ. ನಿಮ್ಮನ್ನ ಒಪ್ಪಿಕೊಂಡಾಗ ನಾನೂ ಹಂಗೇ ಇದ್ದೆ.