ಮಹಾಸಾಗರ ದಾಟಿದವರು ಕುಲಗೋಡದ ಹಳ್ಳಕ್ಕೆ ಇಳಿದಾಗ

ಮಹಾಸಾಗರವನ್ನು ಒಬ್ಬರೇ ದೋಣಿಯ ಹುಟ್ಟು ಹಾಕುತ್ತ ದಾಟಿದ ಹೆಣ್ಣುಮಗಳನ್ನು ನನ್ನಂಥ ಕಾಲೇಜು ಮಾಸ್ತರನೊಬ್ಬ ಜೀಪಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿದರೆ ಏನೇನಾದೀತು, ಹೇಳಿ ನೋಡೋಣ? ಹಾರ, ಭಾಷಣ, ಚಪ್ಪಾಳೆ ಅಂದಿರಾ? ಸೋತಿರಿ! ನಾನಿದ್ದ ಕಡೆ ಯಾವ ಕಾರ್ಯಕ್ರಮವೂ ಆಮಂತ್ರಣದಲ್ಲಿ ಅಚ್ಚಾದಂತೆ ನಡೆದದ್ದಿಲ್ಲ. ನಿವೃತ್ತನಾದ ಮೇಲೆ ಅದನ್ನೆಲ್ಲ ನೆನೆದು ಒಬ್ಬನೇ ನಗುತ್ತೇನೆ. ಒಳಗಿಂದ ನಮ್ಮಾಕೆ, "ಮತ್ತ ಸುರು ಆತೇನ್ರಿ?" ಅನ್ನುತ್ತಾಳೆ.

ಎಸ್‌ಟಿಡಿ ಬೂತಿನ ಮುಂದೆ ಪಾಳಿ ಹಚ್ಚುತ್ತಿದ್ದ ಕಾಲವದು. ಮೇಡಂ ಕೊಂಕಣದವರು, ಮರಾಠಿಯವರು. ನಮ್ಮ ಕನ್ನಡವನ್ನೂ ಅಷ್ಟಿಷ್ಟು ಕಲಿತಿದ್ದರು. ಸಾಗರ ದಾಟಿ ಬಂದ ಹೆಸರಿನ ಮೇಲೆ ದಾನಿಗಳನ್ನು ಹಿಡಿದು, ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಓದಲೆಂದು ಗೋಕಾಕದಲ್ಲಿ ವಸತಿ ನಿಲಯ ತೆರೆದಿದ್ದರು. ಕೋಣೆ ತಯಾರು, ಮಂಚ ತಯಾರು, ಅಡಿಗೆಯವಳೂ ತಯಾರು, ಹುಡುಗಿಯರೇ ಇಲ್ಲ! ಕುಲಗೋಡದ ಗೌಡರು ಮೊಮ್ಮಗಳನ್ನು ಕಳಿಸಿದರೆ ಸುತ್ತಲಿನವರೆಲ್ಲ ಕಳಿಸುತ್ತಾರೆ, ಆದರೆ ಗೌಡರೇ ಒಲ್ಲೆ ಅನ್ನುತ್ತಾರೆ ಎಂದು ಸುದ್ದಿ. ಊರೂರಲ್ಲಿ ಮಾತಾಡುತ್ತ ಹೋಗಿ, ಕಡೆಗೆ ಆ ಗೌಡರನ್ನು ಒಪ್ಪಿಸಬೇಕಿತ್ತು. ಮರಾಠಿ ಬರುತ್ತದೆಂದು ನನ್ನನ್ನು ಜೊತೆಗೆ ಹಾಕಿದರು.

ತೂಗುಸೇತುವೆ

ಮೊದಲು ಗೋಕಾಕ ಫಾಲ್ಸ್. ತೂಗುಸೇತುವೆಯ ಮೇಲೆ ಒಂದಿಷ್ಟು ಹೋದ ಮೇಡಂ ಕಂಬಿ ಹಿಡಿದು ನಿಂತೇಬಿಟ್ಟರು. ಮುಖದಲ್ಲಿ ರಕ್ತವಿಲ್ಲ.

"ಸರ್, ಇದು ಅಲ್ಲಾಡತೈತಿ!"

"ಸಮುದ್ರ ಅಲ್ಲಾಡಲಿಲ್ಲೇನ್ರಿ ಮೇಡಂ?"

"ಅಲ್ಲಿ ನೀರು ಬಾಜೂಕ ಇತ್ರಿ. ಇಲ್ಲಿ ನೋಡ್ರಿ, ಎಷ್ಟು ಕೆಳಗೈತಿ!"

ಮಿಲ್ಲಿನ ಕಡೆಯಿಂದ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಬುತ್ತಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮೇಡಂ ಅವರ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಹೋದಳು. ಆಚೆ ದಡದಲ್ಲಿ ಕೇಳಿದಳು: "ಎಲ್ಲಿಗಿ ಹೊಂಟೀರಿ ಅಕ್ಕಾರ?"

ಮೇಡಂ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಧೈರ್ಯದ ಬಗ್ಗೆ ಭಾಷಣ ಮಾಡಾಕ," ಅಂದರು.

ಕಣಗಲಾದ ಊಟ

ಹುಕ್ಕೇರಿಯ ಭಾಷಣ ಮುಗಿಸಿ ಕಣಗಲಾದ ಜೈನ ವ್ಯಾಪಾರಿಯೊಬ್ಬರ ಮನೆಗೆ ಊಟಕ್ಕೆ ಹೋದೆವು. ಹೊತ್ತು ಮುಳುಗುವುದರೊಳಗೆ ಉಣ್ಣುವ ಮನೆ. ಜೀಪು ಹಾರಿಸಿಕೊಂಡೇ ಹೋಗಿದ್ದೆವು. ಮನೆಯೆತ್ತರದ ತೆರೆ, ದೋಣಿ ಬೋರಲಾದದ್ದು, ತಳಕ್ಕೆ ಬಂದು ಗುದ್ದಿದ ಶಾರ್ಕು, ಎಲ್ಲವನ್ನೂ ಮೇಡಂ ಹೇಳುತ್ತಿದ್ದರೆ ಭಕ್ಕರಿ ಮುರಿದ ಕೈಗಳು ಹಾಗೇ ನಿಂತಿದ್ದವು. ಮನೆಯ ಅಜ್ಜಿ ಮಾತ್ರ ಬೇರೇನೋ ಯೋಚನೆಯಲ್ಲಿದ್ದರು.

"ಖರೆ ಹೇಳ ಮಗಳ, ಅಲ್ಲಿ ಮುಂಜಾನಿ ಚಾ ಯಾರ ಮಾಡಿಕೊಡತಿದ್ರು?"

"ನಾನ ಮಾಡಿಕೋತಿದ್ದೆ ಅಜ್ಜಿ."

"ಮಾಡಿಕೊಂಡು ಒಬ್ಬಾಕಿನ ಕುಂತು ಕುಡೀತಿದ್ದಿ? ನಡುವ ಯಾರೂ ಕರೀತಿರಲಿಲ್ಲ?"

"ಯಾರೂ ಇಲ್ಲ."

ಅಜ್ಜಿ ಮನೆತುಂಬ ಕೂತಿದ್ದ ಮಕ್ಕಳು, ಸೊಸೆಯರು, ಮೊಮ್ಮಕ್ಕಳನ್ನು ಒಂದು ಸುತ್ತು ನೋಡಿ ಅಂದರು: "ಮುಂದಿನ ಸಲ ಹೋಗೂ ಮುಂದ ನನಗೂ ಹೇಳವಾ."

ಕುಲಗೋಡದ ಗೌಡರು

ಗೌಡರು ಭಾಷಣಕ್ಕೆ ಬರಲೇ ಇಲ್ಲ. ಮನೆಗೆ ಹೋದೆವು. ಮೇಡಂ ಬಾಯಿ ತೆರೆದರೆ ಸಾಕು, "ಎಮ್ಮಿ ನೋಡಿ ಬರತೇನ್ರಿ" ಎಂದು ಎದ್ದುಬಿಡುವರು. ಏಳನೆಯ ತರಗತಿ ಪಾಸಾದ ಮೊಮ್ಮಗಳು ಬಾಗಿಲಿಗೆ ಆತು ನಿಂತು ಎಲ್ಲ ಕೇಳುತ್ತಿದ್ದಳು. ಕಡೆಗೆ ಗೌಡರೇ ಅಂದರು: "ಮಾತು ಯಾರರ ಆಡತಾರ. ನಮ್ಮ ಹಳ್ಳ ತುಂಬೇತಿ, ದಾಟಿ ತೋರಸ್ರಿ."

ದೋಣಿ ಎಲ್ಲಿಯದು? ಹಳ್ಳ ತುಂಬಿದಾಗ ನಮ್ಮ ಕಡೆ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕಡಾಯಿಯನ್ನೇ ನೀರಿಗೆ ಬಿಡುತ್ತಾರೆ. ಒಬ್ಬರು ಕೂರಬೇಕು, ಇನ್ನೊಬ್ಬರು ಅಂಚು ಹಿಡಿದು ಈಸುತ್ತ ನೂಕಬೇಕು. ಮೇಡಂ ಒಂದು ಹಲಗೆ ಹಿಡಿದು ಒಬ್ಬರೇ ಹತ್ತಿದರು, ಸಾಗರದಲ್ಲಿ ಕೂತಂತೆ ಹೋಗುವ ಕಡೆಗೆ ಬೆನ್ನು ಮಾಡಿ. ದುಂಡನೆಯ ಕಡಾಯಿಗೆ ಹಿಂದೇನು, ಮುಂದೇನು? ನಡುನೀರಿನಲ್ಲಿ ಬುಗುರಿಯಾಯಿತು. ದಂಡೆಯ ಮೇಲೆ ಊರಿಗೆ ಊರೇ ನಗುತ್ತಿತ್ತು.

ಮೊಮ್ಮಗಳು ಚೀರಿದಳು: "ಅಜ್ಜಾ, ಅವರು ಹೊಂಟ್ರು!"

ಬಂದ ಅತಿಥಿ ಊರ ಹಳ್ಳದಲ್ಲೇ ಕೊಚ್ಚಿಹೋದರೆ ಹೇಗೆ? ಗೌಡರು ಧೋತರದ ಕಚ್ಚೆ ಬಿಗಿದು ಹಾರಿ, ಈಸಿ ಹೋಗಿ ಕಡಾಯಿಯ ಅಂಚು ಹಿಡಿದರು. ಹಿಡಿದದ್ದೇ ತಡ, ಮೇಡಂ ಹಲಗೆ ಕೆಳಗಿಟ್ಟರು.

"ಗೌಡ್ರ, ಈಗ ನನ್ನ ಮಾತು ಕೇಳ್ರಿ."

"ಮೊದಲ ದಂಡಿ ಹತ್ತೂನ್ರಿ!"

"ದಂಡಿ ಹತ್ತಿದ್ರ ನೀವು ಎಮ್ಮಿ ಕಡೆ ಹೋಗತೀರಿ."

ಗೌಡರ ಗತಿ ನೋಡಿ! ಕೈ ಬಿಟ್ಟರೆ ಅತಿಥಿ ಹೋಗುತ್ತಾರೆ, ಹಿಡಿದರೆ ಭಾಷಣ ಕೇಳಬೇಕು. ಅದು ಮೊದಲಿನಿಂದ ಸುರುವಾಯಿತು. ಏದುಸಿರು ಬಿಡುತ್ತ ಗೌಡರು ನಡುವೆ ಬಾಯಿ ಹಾಕಿದರು: "ತಾಯಿ ಇಲ್ಲದ ಕೂಸ್ರಿ ಅದು. ಅಲ್ಲಿ ಅದು ಅತ್ತರ ಯಾರ ಕೇಳತಾರ?"

ಮೇಡಂ ಬಗ್ಗಿ, ಗೌಡರ ಒದ್ದೆ ಕೈಯ ಮೇಲೆ ಕೈಯಿಟ್ಟರು. "ನಾ ಕೇಳತೇನ್ರಿ. ನಾನೂ ಆ ಹುಡುಗ್ಯಾರ ಜೋಡಿನ ಇರಾಕಿ."

ಗೌಡರು ಕಡಾಯಿಯನ್ನು ದಂಡೆಯ ಕಡೆಗೆ ನೂಕತೊಡಗಿದರು. ಮೇಡಂ, "ಇನ್ನೊಂದು ಮಾತು..." ಅನ್ನುತ್ತಲೇ ಗೌಡರು ಊರಿಗೆಲ್ಲ ಕೇಳುವಂತೆ ಒದರಿದರು: "ಕಳಸತೇನ್ರಿ! ಖರೇನ ಕಳಸತೇನಿ! ಭಾಷಣ ಬಂದ್ ಮಾಡ್ರಿ!"

ದಡಕ್ಕೆ ಬಂದು ಗೌಡರು ಧೋತರ ಹಿಂಡುತ್ತಿದ್ದಾಗ ಮೇಡಂ ಮತ್ತೆ ಕಡಾಯಿ ಹತ್ತಿದರು. ಈ ಸಲ ಮುಂದಕ್ಕೆ ಮುಖ ಮಾಡಿ ಮಂಡಿಯೂರಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಲಗೆ ಹಾಕುತ್ತ, ದಾರ ಎಳೆದಷ್ಟು ನೆಟ್ಟಗೆ ಆಚೆ ದಂಡೆ ಮುಟ್ಟಿ ತಿರುಗಿ ಬಂದರು.

ಗೌಡರು ಹಿಂಡುವುದನ್ನು ಬಿಟ್ಟರು. "ಮೇಡಂ, ಮೊದಲ ಹಿಂಗ್ಯಾಕ ಹೋಗಲಿಲ್ರಿ?"

"ಮೊದಲ ಹಿಂಗ ಹೋಗಿದ್ರ ನೀವು ನೀರಿಗಿ ಇಳೀತಿದ್ರೇನ್ರಿ?"

ಎಲ್ಲರಿಗಿಂತ ಜೋರಾಗಿ ನಕ್ಕವರು ಗೌಡರೇ. ಸಂಜೆಯ ಗೋಕಾಕ ಬಸ್ಸಿಗೆ ಮೊಮ್ಮಗಳ ಟ್ರಂಕನ್ನು ತಾವೇ ಹೊತ್ತು ಏರಿಸಿದರು. ಅವತ್ತು ಕಾರಹುಣ್ಣಿಮೆಯ ಮರುದಿನದ ಕರಿ, ಮೇಲೆ ಬುಧವಾರ; ನಮ್ಮ ಕಡೆ ಹೆಣ್ಣುಮಕ್ಕಳನ್ನು ಯಾರೂ ಮನೆಯಿಂದ ಕಳಿಸದ ದಿನ.