ಹೊಸ ಆವೃತ್ತಿ ಮತ್ತು ಹಳೇ ಪ್ಯಾಂಟು

ಆ ಭಾನುವಾರ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಘೋಷಿಸಿದೆ: "ನೋಡೇ, ಏಳು ವರ್ಷದ ಹಿಂದಿನ ಪ್ಯಾಂಟು! ಇವತ್ತಿಗೂ ಗುಂಡಿ ಸಲೀಸಾಗಿ ಹಾಕ್ಬಹುದು. ಈ ದೇಹಕ್ಕೆ ಅಪ್‌ಡೇಟೇ ಬೇಕಾಗಿಲ್ಲ! ಬೇಕಾಗಿರೋದು ನಿನ್ನ ಡೇಟಾಬೇಸಿಗೆ. ಅರ್ಧ ಗಂಟೆ ಕೊಡು."

ನನ್ನಾಕೆ ಟೈಲರ್. ಮುಂದಿನ ಕೋಣೆಯೇ ಅವಳ ಅಂಗಡಿ. ಗಿರಾಕಿಗಳ ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಟ್ಟ ಮಹಾನುಭಾವ ನಾನು. ಆಫೀಸಿನಲ್ಲೂ ಡೇಟಾಬೇಸ್ ಕಾಯುವುದೇ ನನ್ನ ಉದ್ಯೋಗ. ಈಗ ಅವಳ ಡೇಟಾಬೇಸಿನ ಹೊಸ ಆವೃತ್ತಿ ಬಂದಿತ್ತು. ಹುಡುಕಿದ್ದು ಚಿಟಿಕೆ ಹೊಡೆಯುವುದರಲ್ಲಿ ಸಿಗುತ್ತದಂತೆ! ಜೊತೆಗೆ ಕಟ್ಟುನಿಟ್ಟು ಬೇರೆ: ಅಂಕಿಯ ಖಾನೆಯಲ್ಲಿ ಅಂಕಿ ಮಾತ್ರ, ಅಕ್ಷರ ಕಂಡರೆ ಒದ್ದು ಹೊರಗೆ! ಅವಳಿಗೂ ಅದನ್ನೇ ಹೇಳಿದೆ.

"ಹಂಗಂದ್ರೇನ್ರೀ?"

"ಶಿಸ್ತು ಕಣೇ, ಶಿಸ್ತು!" ಎಂದು ಗುಂಡಿ ಒತ್ತಿಯೇಬಿಟ್ಟೆ.

ಬ್ಯಾಕಪ್ಪೇ? ಬ್ಯಾಕಪ್ ಇಲ್ಲದೆ ಅಪ್‌ಡೇಟ್ ಮಾಡಿದವರಿಗೆ ಆಫೀಸಿನಲ್ಲಿ ಚಳಿ ಬಿಡಿಸುವವನೇ ನಾನು. ಮನೆಯಲ್ಲಿ ನನ್ನನ್ನು ಕೇಳುವವರಾರು!

ಸಂಜೆಗೆ ನಿವೃತ್ತ ಮೇಷ್ಟ್ರ ಕೋಟು ಹೋಗಬೇಕಿತ್ತು. ಅವಳು ಕಂಪ್ಯೂಟರಿನಲ್ಲಿ ಮೇಷ್ಟ್ರನ್ನು ಹುಡುಕಿದಳು. ಚಿಟಿಕೆ ಹೊಡೆಯುವುದರಲ್ಲಿ ಬಂತು: ಭುಜ, ಹದಿನೇಳು. ಅಷ್ಟೇ!

"ಪಕ್ಕದಲ್ಲಿ ಬರೆದಿದ್ದೆನಲ್ರೀ? ಒಂದು ಭುಜ ಅರ್ಧ ಇಂಚು ಇಳಿದಿದೆ, ಒಳಗೆ ಮೆತ್ತೆ ಇಡಬೇಕು ಅಂತ. ಬಲವೋ, ಎಡವೋ?"

"ಫೋನ್ ಮಾಡಿ ಕೇಳಿದ್ರಾಯ್ತು."

"ಕೇಳೋದಾ? ಅವರು ನೊಂದ್ಕೋತಾರೆ ರೀ! ನನಗೆ ಗೊತ್ತು ಅನ್ನೋದೇ ಅವರಿಗೆ ಗೊತ್ತಿಲ್ಲ."

ಅಯ್ಯೋ! ಮೇಷ್ಟ್ರದೊಂದೇ ಅಲ್ಲ, ನಾನೂರು ಜನರ ಅಳತೆಯ ಪಕ್ಕದಲ್ಲಿ ಅವಳು ಜೋಪಾನವಾಗಿ ಬರೆದಿಟ್ಟಿದ್ದ ಗುಟ್ಟುಗಳನ್ನೆಲ್ಲ ನನ್ನ ಶಿಸ್ತು ಗುಡಿಸಿ ಹಾಕಿತ್ತು.

"ಆ... ಆಫೀಸಿನವರನ್ನ ಕೇಳಿ ನೋಡ್ತೀನಿ."

"ಆಫೀಸಿನವರು ಅಂದ್ರೆ ನೀವೇ ಅಲ್ವಾ?"

ತಲೆ ಮೇಲೆ ಕೈ ಹೊತ್ತು ಕೂತೆ. ಅವಳಿಗೆ ನನ್ನ ಮುಖ ನೋಡಲಾಗಲಿಲ್ಲವೇನೋ, ಹೊಲಿಗೆ ಮಿಷನ್ನಿನ ಡ್ರಾಯರಿನ ತಳದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದಳು. ಎಲ್ಲವೂ ಅದರಲ್ಲಿತ್ತು! ಮೇಷ್ಟ್ರದು ಎಡಭುಜ.

"ನನ್ನ ಮೇಲೆ ನಂಬಿಕೆ ಇರಲಿಲ್ವೇನೇ?"

"ನಿಮ್ಮ ಮೇಲಿದೆ. ನಿಮ್ಮ ಉತ್ಸಾಹದ ಮೇಲಿಲ್ಲ. ತೋರಿಸಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ."

ಬಾಲ ಮುದುರಿಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಲು ಕೂತೆ. ಒಂದು ಪುಟ ಬಂದಾಗ ಅವಳು ತಟ್ಟನೆ ಕೈ ಅಡ್ಡ ಇಟ್ಟಳು. "ಅದು ಬೇಡ ಬಿಡಿ." ಬಿಡುತ್ತೇನೆಯೇ? ಕೈ ಸರಿಸಿ ಓದಿದೆ.

'ನಮ್ಮವರು. ಸೊಂಟ ಮೂವತ್ತೆರಡು.' ಅದಕ್ಕೊಂದು ಗೀಟು. ಮೂವತ್ತೆರಡೂವರೆ, ಅದಕ್ಕೂ ಗೀಟು. ಹೀಗೇ ಮೂವತ್ತೈದೂವರೆವರೆಗೆ! ಕೆಳಗೆ: 'ವರ್ಷಕ್ಕೊಮ್ಮೆ ಪ್ಯಾಂಟಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಡಬೇಕು. ಹೇಳಬಾರದು. ಕನ್ನಡಿ ಮುಂದೆ ತುಂಬ ಖುಷಿಪಡ್ತಾರೆ.'

ಅವಳ ಕೈ ಹಿಡಿದುಕೊಂಡೆ.

"ಏಳು ಅಪ್‌ಡೇಟು! ನನಗೆ ಒಂದೂ ಗೊತ್ತಾಗಲಿಲ್ಲವಲ್ಲೇ!"

"ಗೊತ್ತಾಗದ ಹಾಗೇ ಮಾಡ್ಬೇಕು ರೀ," ಎಂದು ನಕ್ಕಳು. "ಆದ್ರೆ ಒಳಗೆ ಬಟ್ಟೆ ಇನ್ನು ಅರ್ಧ ಇಂಚೇ ಉಳಿದಿರೋದು. ನಾಳೆಯಿಂದ ವಾಕಿಂಗ್ ಹೋಗಿ!"