ಕೈ ಊರದೆ ಏಳುವ ವ್ರತ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ನನಗೆ ಐವತ್ತೆರಡು ತುಂಬಿದ ವಾರವೇ, ತುಮಕೂರಿನಲ್ಲಿ ಒಬ್ಬ ಡಾಕ್ಟರರ ಭಾಷಣ ಕೇಳಿ ಕೆಟ್ಟೆ. ನಲವತ್ತು ದಾಟಿದ ಮೇಲೆ ಮಾಂಸಖಂಡ ವರ್ಷವರ್ಷವೂ ಕರಗುತ್ತದಂತೆ. ನೆಲದಲ್ಲಿ ಕೂತು, ಕೈ ಊರದೆ ಏಳುವ ಅಭ್ಯಾಸವಿದ್ದರೆ ಮುಪ್ಪು ನಿಧಾನವಾಗಿ ಬರುತ್ತದಂತೆ. (ಅವರು ಇದನ್ನು ಹೇಳಿದ್ದು ಕುರ್ಚಿಯಲ್ಲಿ ಕೂತೇ.) ಮಾರನೆಯ ದಿನವೇ ಅದೇ ಊರಿನ ಬಟವಾಡಿ ಬಡಾವಣೆಯ ನಮ್ಮ ಬಾಡಿಗೆ ಮನೆಯ ನಾಲ್ಕು ಕುರ್ಚಿಗಳನ್ನೂ ಬಸ್ಸಿನ ಟಾಪ್ ಮೇಲೆ ಹಾಕಿಸಿ, ಗುಬ್ಬಿಯ ಭಾಮೈದನಿಗೆ ದಾನ ಮಾಡಿಬಿಟ್ಟೆ.

"ಭಾನುವಾರ ಕುಣಿಗಲ್ಲಿಂದ ಹೆಣ್ಣು ನೋಡಕ್ಕೆ ಬರ್ತಾವ್ರೆ. ಅವ್ರನ್ನ ಎಲ್ಲಿ ಕೂರುಸ್ತೀರ್ರೀ? ನಿಮ್ಮ ತಲೆ ಮೇಲಾ?" ಎಂದಳು ನನ್ನ ಹೆಂಡತಿ ಮಂಜುಳಮ್ಮ.

"ಚಾಪೆ ಮೇಲೆ ಕಣೇ. ನಾನು ಎದ್ದೇಳೋದು ನೋಡಿದ್ರೆ ಸಾಕು, ಎಂಥಾ ಗಟ್ಟಿ ವಂಶ ಅಂತ ಒಪ್ಕೋತಾರೆ."

"ನಿಮ್ಮ ಮಂಡಿ ಲಟಲಟ ಅನ್ನೋದು ಪಕ್ಕದ ಮನೆಗೂ ಕೇಳುಸ್ತದೆ. ಇದೂ ತಪ್ಪೋದ್ರೆ ನಾನಂತೂ ಸುಮ್ನಿರಲ್ಲ."

ಮಗಳಿಗೆ ಬಂದ ಎರಡು ಸಂಬಂಧ ಆಗಲೇ ತಪ್ಪಿದ್ದವು. ಆಗ ಮಗಳು ಅತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟವಾಗಿತ್ತು. ಆದರೂ ವ್ರತ ವ್ರತವೇ. ಪಕ್ಕದ ಮನೆಯಿಂದ ಕುರ್ಚಿ ತರುವುದಕ್ಕೂ ನಾನು ಬಿಡಲಿಲ್ಲ.

ಭಾನುವಾರ ಆರು ಜನ ಬಂದು ಚಾಪೆಯಲ್ಲಿ ಕೂತರು. ಹುಡುಗನ ಅಜ್ಜಿ ಕಲ್ಲಮ್ಮನವರಿಗೆ ಎಂಬತ್ತು. ನಾನು ಚಕ್ಕಳಮಕ್ಕಳ ಹಾಕಿ, ಒಂದು ಗಂಟೆ ಕಾಲ ಯೌವನರಕ್ಷಣೆಯ ಮೇಲೆ ಪ್ರವಚನ ಕೊಟ್ಟೆ. ಉಪ್ಪಿಟ್ಟು, ಕಾಫಿ ಮುಗಿದವು. ಹುಡುಗಿಯನ್ನೂ ನೋಡಿದರು. ಇನ್ನು ಎದ್ದು ತಾಂಬೂಲ ಕೊಡಬೇಕು, ನೋಡಿದರೆ ಎರಡು ಕಾಲೂ ಜೋಮು ಹಿಡಿದಿವೆ! ಕೈ ಊರದೆ ಯತ್ನಿಸಿದೆ. ಕೈ ಊರಿ ಯತ್ನಿಸಿದೆ. ಕೊನೆಗೆ ತಾಂಬೂಲದ ತಟ್ಟೆಯ ಸಮೇತ ಪಕ್ಕಕ್ಕೆ ಉರುಳಿದೆ.

ಹುಡುಗ ಒಂದು ರಟ್ಟೆ, ಅವನಪ್ಪ ಇನ್ನೊಂದು ರಟ್ಟೆ ಹಿಡಿದು ನನ್ನನ್ನು ಎತ್ತಿ ನಿಲ್ಲಿಸಿದರು. ಅಷ್ಟರಲ್ಲಿ ಕಲ್ಲಮ್ಮನವರು ಕೈ ಊರದೆ ಎದ್ದು, ಚೆಲ್ಲಿದ್ದ ಅಡಿಕೆಯನ್ನೆಲ್ಲ ಬಗ್ಗಿ ಆರಿಸಿ ತಟ್ಟೆಗೆ ಹಾಕಿದ್ದರು. ಅಡುಗೆಮನೆಯ ಬಾಗಿಲಲ್ಲಿ ಮಂಜುಳಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಮಗಳ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ.

"ಹುಡ್ಗಿ ನಮಗೆ ಒಪ್ಗೆ ಕಣಪ್ಪ," ಎಂದರು ಕಲ್ಲಮ್ಮನವರು. "ಆದ್ರೆ ಧಾರೆ ದಿನ ನಿನ್ನ ಮಾತ್ರ ನೆಲದ ಮೇಲೆ ಕೂರುಸ್ಬಾರ್ದು. ನೀನು ಎದ್ದೇಳೋವಷ್ಟ್ರಲ್ಲಿ ಮುಹೂರ್ತ ಮೀರೋಯ್ತದೆ."

ಗುಬ್ಬಿಯಿಂದ ಒಂದು ಕುರ್ಚಿ ವಾಪಸು ಬಂತು. ಮದುವೆಯ ಫೋಟೋದಲ್ಲಿ ಎಲ್ಲರೂ ನಿಂತಿದ್ದಾರೆ, ಕಲ್ಲಮ್ಮನವರೂ ಸಹ. ಕೂತಿರುವವನು ನಾನೊಬ್ಬನೇ. ಆಲ್ಬಮ್ ನೋಡಿದವರೆಲ್ಲ ತಪ್ಪದೆ ಕೇಳುತ್ತಾರೆ:

"ಹುಡ್ಗಿ ತಾತನೂ ಬಂದಿದ್ರಾ? ಪರ್ವಾಗಿಲ್ವೇ, ಈ ವಯಸ್ನಲ್ಲೂ!"